ಈ ಕಪ್ಪು ಶೀಟಿಗೆ ಪಹಣಿ ಎಲ್ಲಿದೆ?

ಕಳೆದ ಕಂತಿನಲ್ಲಿ ರಿಮೋಟ್ ಕಾರಿಗೆ ಮೋಟಾರು, ಬ್ಯಾಟರಿ ಆರಿಸೋದು ಹೇಗೆ ಅಂತ ಬರೆದಿದ್ದೆ. ಈ ಸಲ ಅವೆಲ್ಲ ಕೂರುವ ಜಾಗದ ಬಗ್ಗೆ. ಅಂದರೆ ಚಾಸಿ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ನಮ್ಮೂರು ಚನ್ನರಾಯಪಟ್ಟಣ. ಹಾಸನದ್ದಲ್ಲ, ದೇವನಹಳ್ಳಿ ತಾಲ್ಲೂಕಿನದು. ನಾನು ಚಪ್ಪಲಿ ಬಿಡೋದಕ್ಕೂ ಪುರುಸೊತ್ತು ಕೊಡದೆ ಅಕ್ಕನ ಮಗ ಫೋನ್ ಹಿಡಿದುಕೊಂಡು ಬಂದ. ಏಳನೇ ಕ್ಲಾಸು. ನಾವಿಬ್ಬರೂ ಸೇರಿ ಒಂದು ಆರ್‌ಸಿ ಕಾರು ಮಾಡೋಣ ಅಂತ ಬೇಸಿಗೆಯಿಂದ ಮಾತಾಡ್ತಾ ಇದ್ದೀವಿ. ಫೋನಿನಲ್ಲಿ ಕಪ್ಪಗೆ ಮಿರಮಿರ ಮಿಂಚುವ ಕಾರ್ಬನ್ ಫೈಬರ್ ಶೀಟು. ಬೆಲೆ 2,800 ರೂಪಾಯಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಏರೋಸ್ಪೇಸ್ ಗ್ರೇಡ್’.

“ಮಾವ, ಏರೋಸ್ಪೇಸ್ ಅಂದ್ರೆ ನಮ್ ಹೊಲ ಕೇಳಿದ್ರಲ್ಲ, ಅದೇನಾ?”

ನಗು ಬಂತು. ಆಮೇಲೆ ಯೋಚನೆಯೂ ಬಂತು. ಏರೋಸ್ಪೇಸ್ ಪಾರ್ಕಿಗೆ ಅಂತ ನಮ್ಮ ಹೋಬಳಿಯ 13 ಹಳ್ಳಿಗಳ 1,777 ಎಕರೆ ತಗೊಳ್ಳೋಕೆ ಹೊರಟಿದ್ದರು. 2022ರ ಏಪ್ರಿಲ್‌ನಲ್ಲಿ ಶುರುವಾದ ಹೋರಾಟ ಮೂರು ವರ್ಷ ಮೀರಿತು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಭೂಸ್ವಾಧೀನ ಕೈಬಿಡ್ತೀವಿ ಅಂದರು. ಹುಡುಗ ಈ ಪದ ಕೇಳ್ತಾ ಕೇಳ್ತಾನೇ ಬೆಳೆದಿದ್ದಾನೆ. ಅವನ ಮಟ್ಟಿಗೆ ಏರೋಸ್ಪೇಸ್ ಅಂದರೆ ಧರಣಿ, ಟಿವಿ ಕ್ಯಾಮೆರಾ, ತಾತ ರಾತ್ರಿ ನಿದ್ದೆ ಇಲ್ಲದೆ ಜಗಲಿ ಮೇಲೆ ಕೂತಿರೋದು. ಈಗ ಅದೇ ಪದ ಶೀಟಿನ ಮೇಲೆ.

2,800 ರೂಪಾಯಿ ಅವನದೇ ದುಡ್ಡು. ಹಬ್ಬಕ್ಕೆ, ಜಾತ್ರೆಗೆ ನೆಂಟರು ಕೈಗಿಟ್ಟಿದ್ದನ್ನು ಕೂಡಿಟ್ಟಿದ್ದು. ಹಾಗಾಗಿ ‘ಬುಕ್ ಮಾಡು’ ಅಂತ ಸುಮ್ಮನೆ ಹೇಳೋ ಹಾಗಿರಲಿಲ್ಲ.

ವಿಮಾನದ ಶೀಟಿಗೆ ಪಹಣಿ ಇರುತ್ತೆ

ಕಾರ್ಬನ್ ಫೈಬರ್ ಅಂದರೆ ಕೂದಲಿಗಿಂತ ಹತ್ತು ಪಟ್ಟು ಸಣ್ಣ ಎಳೆಗಳು. ಒಂದೊಂದೂ 5ರಿಂದ 7 ಮೈಕ್ರಾನ್ ದಪ್ಪ. ಆ ಎಳೆಗಳನ್ನು ಬಟ್ಟೆ ಥರ ನೇಯ್ದು, ಪದರ ಪದರವಾಗಿ ಜೋಡಿಸಿ, ಎಪಾಕ್ಸಿ ಅನ್ನೋ ಅಂಟಿನಲ್ಲಿ ನೆನೆಸಿ, ಒತ್ತಡ ಮತ್ತು ಶಾಖ ಕೊಟ್ಟು ಗಟ್ಟಿ ಮಾಡಿದರೆ ಶೀಟು.

ಇದರಲ್ಲಿ ವಿಮಾನ ಮಾಡೋ ಕೆಲಸ ನಮಗೆ ದೂರದ್ದೇನಲ್ಲ. ತೇಜಸ್ ಯುದ್ಧ ವಿಮಾನದ ಒಡಲಿನ ತೂಕದಲ್ಲಿ ಸುಮಾರು 45 ಭಾಗ ಇಂಥ ಕಾರ್ಬನ್ ಸಂಯುಕ್ತವೇ. ಆ ಕೆಲಸದಲ್ಲಿ ಬೆಂಗಳೂರಿನ ಎನ್‌ಎಎಲ್ ಪಾತ್ರ ದೊಡ್ಡದು. 2001ರ ಜನವರಿ 4ರಂದು ತೇಜಸ್ ಮೊದಲ ಸಲ ಹಾರಿದ್ದೂ ಬೆಂಗಳೂರಿನಿಂದಲೇ.

ಹಾಗಾದರೆ ವಿಮಾನದ ಶೀಟಿಗೂ ಆನ್‌ಲೈನ್ ಶೀಟಿಗೂ ಏನು ವ್ಯತ್ಯಾಸ? ಹೊಳಪಲ್ಲ, ಕಾಗದಪತ್ರ. ಯಾವ ರೋಲಿನ ಬಟ್ಟೆ, ಎಷ್ಟು ದಿನ ಫ್ರೀಜರಿನಲ್ಲಿತ್ತು, ಯಾವ ಶಾಖದಲ್ಲಿ ಎಷ್ಟು ಹೊತ್ತು ಬೆಂದಿತು, ಒಳಗೆ ಗಾಳಿ ಗುಳ್ಳೆ ಇದೆಯಾ ಅಂತ ಅಲ್ಟ್ರಾಸೌಂಡಿನಲ್ಲಿ ಯಾರು ನೋಡಿದರು, ಎಲ್ಲ ದಾಖಲೆ ಇರುತ್ತೆ. ಹುಡುಗನಿಗೆ ಹೀಗೆ ಹೇಳಿದೆ: “ಹೊಲಕ್ಕೆ ಪಹಣಿ ಇರುತ್ತಲ್ಲ, ಹಾಗೆ ವಿಮಾನದ ಶೀಟಿಗೂ ಪಹಣಿ ಇರುತ್ತೆ ಕಣೋ. ಪಹಣಿ ತೋರಿಸದೆ ‘ಏರೋಸ್ಪೇಸ್ ಗ್ರೇಡ್’ ಅಂದ್ರೆ ಅದು ಬರೀ ಬಾಯಿಮಾತು.”

ನಮ್ಮ ಕಾರಿಗೆ ವಿಮಾನದ ಪಹಣಿ ಬೇಕಾಗಿಲ್ಲ. ಆದರೆ ಕೆಲವು ಕಾಲಂ ಮಾತ್ರ ನಾವೇ ಕೇಳಿ ತುಂಬಿಕೊಳ್ಳಬೇಕು.

ಮೊದಲು, ಓಡೋದು ಎಲ್ಲಿ?

ಶೀಟಿನ ಮಾತು ಆಮೇಲೆ. ಕಾರು ಓಡುವ ನೆಲ ಯಾವುದು ಅಂತ ಮೊದಲು ನೋಡಿ.

ಹತ್ತರಲ್ಲಿ ಒಂದು ಅಳತೆಯ, ಅಂದರೆ 1/10 ಸ್ಕೇಲಿನ ರಸ್ತೆ ಕಾರುಗಳಿಗೆ ಕಾರ್ಬನ್ ಚಾಸಿ ಚೆನ್ನಾಗಿ ಒಗ್ಗುತ್ತೆ. ಅವುಗಳ ಹೊಟ್ಟೆ ನೆಲದಿಂದ 5 ಮಿ.ಮೀ. ಆಸುಪಾಸಿನಲ್ಲಿರುತ್ತೆ. ನುಣುಪು ಡಾಂಬರು ಅಥವಾ ಕಾಂಕ್ರೀಟು ಇದ್ದರೆ ಸರಿ. ಜಲ್ಲಿ ರಸ್ತೆಯಲ್ಲಿ ಬಿಟ್ಟರೆ ಕಲ್ಲು ಕಾರ್ಬನ್ನಿನ ಹೊಟ್ಟೆ ಕೆರೆದು ಎಳೆ ಎಬ್ಬಿಸುತ್ತೆ. ಮಣ್ಣಿನಲ್ಲಿ ಓಡುವ ಬಗ್ಗಿಗಳಿಗೆ ಹೆಚ್ಚಾಗಿ ಅಲ್ಯೂಮಿನಿಯಂ ಚಾಸಿ, ಪಕ್ಕಕ್ಕೆ ಪ್ಲಾಸ್ಟಿಕ್ ರೆಕ್ಕೆ ಹಾಕೋದು ಇದೇ ಕಾರಣಕ್ಕೆ. ಅಲ್ಯೂಮಿನಿಯಂ ಏಟು ಬಿದ್ದರೆ ಸೊಟ್ಟಗಾಗುತ್ತೆ, ತಟ್ಟಿ ನೆಟ್ಟಗೆ ಮಾಡಬಹುದು. ಕಾರ್ಬನ್ ಸೊಟ್ಟಗಾಗಲ್ಲ. ತಡೆಯುವಷ್ಟು ತಡೆದು ಒಂದು ದಿನ ಪದರ ಬಿಟ್ಟುಕೊಳ್ಳುತ್ತೆ, ಇಲ್ಲ ಸೀಳುತ್ತೆ.

ನಮ್ಮನೆ ಮುಂದೆ ಸಿಸಿ ರಸ್ತೆ ಇದೆ, ಮೂಲೆ ತನಕ ನುಣುಪು. ಅದರಾಚೆ ಜಲ್ಲಿ. ಮೂಲೆಯಿಂದ ಆಚೆ ಬಿಡಲ್ಲ ಅಂತ ಹುಡುಗ ಮಾತು ಕೊಟ್ಟ ಮೇಲೇ ಕಾರ್ಬನ್ ಮಾತು ಮುಂದುವರಿಸಿದೆ.

ಎಳೆ ಯಾವ ಕಡೆ ಹೋಗಿದೆ?

ಇದೇ ಮುಖ್ಯ ಪ್ರಶ್ನೆ. ಇದನ್ನ ನನಗಿಂತ ಚೆನ್ನಾಗಿ ಹೇಳಿದ್ದು ನಮ್ಮಪ್ಪ. ಜಗಲಿ ಮೇಲೆ ಕೂತು ಕೇಳಿಸಿಕೊಳ್ತಾ ಇದ್ದರು. “ಗಾಡಿಗೆ, ನೇಗಿಲಿಗೆ ಜಾಲಿ ಮರ ತರ್ತಿದ್ವಲ್ಲ, ಆಚಾರ್ರು ಮೊದ್ಲು ಎಳೆ ನೋಡೋರು. ಎಳೆ ಉದ್ದಕ್ಕೆ ಹೋಗಿದ್ರೆ ಎತ್ತು ಜಗ್ಗಿದ್ರೂ ತಡ್ಯುತ್ತೆ. ಎಳೆ ಅಡ್ಡ ಬಂದ್ರೆ ಸೀಳ್ಕೊಳ್ಳುತ್ತೆ. ಇದೂ ಹಂಗೇನಾ?”

ಹಂಗೇ ಅಪ್ಪ, ಅಕ್ಷರಶಃ ಹಂಗೇ.

ಮಾಮೂಲಿ ಶೀಟಿನಲ್ಲಿ ಎಳೆಗಳು ಎರಡೇ ದಿಕ್ಕಿಗೆ ಇರುತ್ತವೆ: ಉದ್ದಕ್ಕೆ ಮತ್ತು ಅಡ್ಡಕ್ಕೆ. ಇದನ್ನ 0/90 ಅಂತಾರೆ. ಎಳೆಯ ದಿಕ್ಕಿನಲ್ಲಿ ಅದರ ಬಿಗಿ, ಅಂದರೆ ಬಗ್ಗದೆ ನಿಲ್ಲುವ ಗುಣ, 60 ಗಿಗಾಪ್ಯಾಸ್ಕಲ್ ಆಸುಪಾಸು. ಅಲ್ಯೂಮಿನಿಯಂ 70. ಅಂದರೆ ಹೆಚ್ಚು ಕಡಿಮೆ ಅಲ್ಯೂಮಿನಿಯಂನಷ್ಟೇ ಬಿಗಿ, ತೂಕ ಮಾತ್ರ ಅದರ ಶೇ 60. ಕಾರ್ಬನ್ನಿನ ಮಜಾ ಇರೋದೇ ಇಲ್ಲಿ.

ಆದರೆ ಅದೇ ಶೀಟನ್ನು ಮೂಲೆಯಿಂದ ಮೂಲೆಗೆ, 45 ಡಿಗ್ರಿಯಲ್ಲಿ ಎಳೆದು ನೋಡಿದರೆ ಬಿಗಿ 15ರಿಂದ 20ಕ್ಕೆ ಇಳಿಯುತ್ತೆ. ಹೆಚ್ಚು ಕಡಿಮೆ ಅಗ್ಗದ ಗ್ಲಾಸ್ ಎಪಾಕ್ಸಿ ಶೀಟಿನ ಲೆಕ್ಕಕ್ಕೆ ಬಂತು.

ಕಾರಿಗೆ ಇದು ಯಾಕೆ ಮುಖ್ಯ? ಕಾರು ಉದ್ದಕ್ಕೆ ಬಗ್ಗೋದು ಮಾತ್ರ ಅಲ್ಲ. ಎಡಗಡೆ ಮುಂದಿನ ಚಕ್ರ ಒಂದು ಕಲ್ಲು ಹತ್ತಿದರೆ ಚಾಸಿ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತೆ. ಆ ತಿರುಚನ್ನು ತಡೆಯೋದು 45 ಡಿಗ್ರಿ ಎಳೆಗಳು. ಅವು ಇಲ್ಲದ ಶೀಟು ಬಗ್ಗಿಸಿದರೆ ಬಗ್ಗಲ್ಲ, ತಿರುಚಿದರೆ ಸುಲಭವಾಗಿ ತಿರುಚುತ್ತೆ.

ಸ್ವಲ್ಪ ತಿರುಚಿದರೆ ತಪ್ಪಿಲ್ಲ. ಹಿಡಿತ ಕಡಿಮೆ ಇರುವ ಡಾಂಬರಿನ ಮೇಲೆ ನಾಲ್ಕೂ ಚಕ್ರ ನೆಲ ಕಚ್ಚೋಕೆ ಅದೇ ಸಹಾಯ ಮಾಡುತ್ತೆ. ಜಾಸ್ತಿಯಾದರೆ ಮಾತ್ರ ಎಡಕ್ಕೆ ತಿರುಗೋದು ಒಂದು ಥರ, ಬಲಕ್ಕೆ ಇನ್ನೊಂದು ಥರ ಆಗುತ್ತೆ.

ಹಾಗಾಗಿ ಅಂಗಡಿಯವರನ್ನ ಕೇಳಬೇಕಾದ ಮೊದಲ ಪ್ರಶ್ನೆ: “ಒಳಗಿನ ಪದರಗಳು ಯಾವ ದಿಕ್ಕಿಗಿವೆ? 45 ಡಿಗ್ರಿ ಪದರ ಇದೆಯಾ?” ಗೊತ್ತಿದ್ದವರು ತಕ್ಷಣ ಹೇಳ್ತಾರೆ. ‘ಒಳ್ಳೆ ಕ್ವಾಲಿಟಿ ಸರ್’ ಅಂತ ಮಾತ್ರ ಉತ್ತರ ಬಂದರೆ ಅಲ್ಲಿಗೆ ಬಿಡಿ. 0/90 ಶೀಟೇ ಸಿಕ್ಕಿದರೂ ಚಿಂತೆ ಬೇಡ. ಕಾರಿನ ಉದ್ದ ಎಳೆಯ ಉದ್ದಕ್ಕೇ ಬರುವಂತೆ ಕತ್ತರಿಸಿ. ಜಾಗ ಉಳಿಸೋಕೆ ಓರೆಯಾಗಿ ಮಾತ್ರ ಕತ್ತರಿಸಬೇಡಿ.

ದಪ್ಪ ಎಷ್ಟು?

ಬಗ್ಗದಿರುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ. 2 ಮಿ.ಮೀ. ಬದಲು 2.5 ಹಾಕಿದರೆ ತೂಕ ಕಾಲು ಭಾಗ ಜಾಸ್ತಿ, ಬಿಗಿ ಹತ್ತಿರ ಹತ್ತಿರ ಎರಡು ಪಟ್ಟು. 3 ಹಾಕಿದರೆ ತೂಕ ಒಂದೂವರೆ ಪಟ್ಟು, ಬಿಗಿ ಮೂರು ಪಟ್ಟಿಗೂ ಮೇಲೆ.

1/10 ರಸ್ತೆ ಕಾರುಗಳ ಕೆಳಗಿನ ಪ್ಲೇಟು ಸಾಮಾನ್ಯವಾಗಿ 2.25ರಿಂದ 2.5 ಮಿ.ಮೀ., ಮೇಲಿನ ಸಣ್ಣ ಪ್ಲೇಟು 2 ಮಿ.ಮೀ. ಒಂದೇ ದಪ್ಪ ಪ್ಲೇಟಿಗಿಂತ ಎರಡು ತೆಳು ಪ್ಲೇಟುಗಳನ್ನು ಅಲ್ಯೂಮಿನಿಯಂ ಕಂಬಗಳ ಮೇಲೆ ದೂರ ನಿಲ್ಲಿಸಿದರೆ ಬಿಗಿ ಜಾಸ್ತಿ. ಮನೆ ಕಟ್ಟುವಾಗ ಐ ಆಕಾರದ ಕಬ್ಬಿಣದ ತೊಲೆ ಬಳಸ್ತಾರಲ್ಲ, ಅದೇ ಲೆಕ್ಕ. ನಾವು ಕೆಳಗೆ 2.5, ಮೇಲೆ 2 ಅಂತ ಬರೆದುಕೊಂಡೆವು.

3ಕೆ, ಟಿ700, ಗ್ಲಾಸಿ

ಜಾಹೀರಾತಿನಲ್ಲಿ ಬರುವ ಮಿಕ್ಕ ಪದಗಳನ್ನೂ ಬಿಡಿಸಿ ನೋಡೋಣ.

3ಕೆ ಅಂದರೆ ಒಂದು ನೂಲಿನಲ್ಲಿ 3,000 ಎಳೆ ಇದೆ ಅಂತ. ಅದು ನೂಲಿನ ಗಾತ್ರ ಅಷ್ಟೇ, ಗುಣಮಟ್ಟದ ಮುದ್ರೆ ಅಲ್ಲ.

ಟ್ವಿಲ್, ಪ್ಲೇನ್ ಅನ್ನೋದು ನೇಯ್ಗೆಯ ಹೆಸರು. ಜೀನ್ಸ್ ಪ್ಯಾಂಟಿನಲ್ಲಿ ಓರೆ ಗೆರೆ ಕಾಣುತ್ತಲ್ಲ, ಅದು ಟ್ವಿಲ್. ಡೊಂಕು ಅಚ್ಚಿನ ಮೇಲೆ ಹೊದಿಸೋಕೆ ಅದು ಸಲೀಸು. ಚಪ್ಪಟೆ ಶೀಟಿನಲ್ಲಿ ಅದರಿಂದ ದೊಡ್ಡ ಲಾಭ ಇಲ್ಲ. ಆ ಓರೆ ಗೆರೆ ನೋಡಿ ‘45 ಡಿಗ್ರಿ ಎಳೆ ಇದೆ’ ಅಂದುಕೊಳ್ಳಬೇಡಿ. ಎಳೆ ನೇರವಾಗಿಯೇ ಇರುತ್ತೆ, ಗೆರೆ ಮಾತ್ರ ಓರೆ. ನಾನೂ ಮೊದಲು ಮೋಸ ಹೋಗಿದ್ದೆ.

ಟಿ300, ಟಿ700 ಅನ್ನೋದು ಜಪಾನಿನ ಟೊರೇ ಕಂಪನಿಯ ಎಳೆಗಳ ಹೆಸರು. ಟಿ700 ಮುರಿಯೋಕೆ ಹೆಚ್ಚು ಬಲ ಬೇಕು, ನಿಜ. ಆದರೆ ಎರಡರ ಬಿಗಿಯೂ ಒಂದೇ, 230 ಗಿಗಾಪ್ಯಾಸ್ಕಲ್. ಚಾಸಿಗೆ ಮುಖ್ಯವಾಗಿ ಬೇಕಿರೋದು ಬಿಗಿ. ಹಾಗಾಗಿ ಟಿ700 ಅಂತ ದುಪ್ಪಟ್ಟು ಬೆಲೆ ಕೊಡೋ ಅಗತ್ಯ ಕಾಣಲ್ಲ.

ಗ್ಲಾಸಿ ಅಂದರೆ ಮೇಲೆ ಹೊಳೆಯುವ ಅಂಟಿನ ಪದರ. ಮೊದಲನೇ ದಿನವೇ ಗೀರು ಬೀಳುತ್ತೆ. ಮ್ಯಾಟ್ ತಗೊಳ್ಳಿ.

ಒಳಗೂ ಕಪ್ಪೇನಾ?

ಎರಡು ವರ್ಷದ ಹಿಂದೆ ನಾನೇ ಒಂದು ಶೀಟು ತರಿಸಿದ್ದೆ. ಮೇಲೆ, ಕೆಳಗೆ ಚೆಂದದ ಕಾರ್ಬನ್. ಕತ್ತರಿಸಿದ ಮೇಲೆ ನೋಡಿದರೆ ನಡುವೆ ಮಾಸಲು ಬಿಳಿ. ಒಂದೊಂದು ಪದರ ಕಾರ್ಬನ್ ಹೊದಿಸಿ ಒಳಗೆ ಗ್ಲಾಸ್ ಫೈಬರ್ ತುಂಬಿದ್ದರು. ಕತ್ತರಿಸಿದ್ದನ್ನು ವಾಪಸ್ ತಗೊಳ್ಳಲಿಲ್ಲ.

ಕತ್ತರಿಸೋ ಮೊದಲೇ ಪತ್ತೆ ಹಚ್ಚೋಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಉದ್ದ, ಅಗಲ, ದಪ್ಪ ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ. ತೂಕವನ್ನು ಅದರಿಂದ ಭಾಗಿಸಿ. ಪೂರ್ತಿ ಕಾರ್ಬನ್ ಆದರೆ 1.5ರಿಂದ 1.6 ಬರುತ್ತೆ. ಗ್ಲಾಸ್ ಎಪಾಕ್ಸಿ ಆದರೆ 1.8ರ ಮೇಲೆ. 400 × 200 × 2.5 ಮಿ.ಮೀ. ಶೀಟು ಪೂರ್ತಿ ಕಾರ್ಬನ್ ಇದ್ದರೆ 320 ಗ್ರಾಂ ಒಳಗಿರಬೇಕು. 370 ಬಂದರೆ ಅನುಮಾನ ಪಡಿ. ಅದೇ ಅಳತೆಯ ಅಲ್ಯೂಮಿನಿಯಂ 540 ಗ್ರಾಂ ತೂಗುತ್ತೆ.

ದಪ್ಪ ಮಾತ್ರ ವರ್ನಿಯರಿನಲ್ಲೇ ಅಳೆಯಿರಿ. 2.5 ಅಂತ ಕೊಟ್ಟಿದ್ದು 2.35 ಇದ್ದರೆ ಲೆಕ್ಕ ತಪ್ಪುತ್ತೆ, ದುಡ್ಡೂ ಹೋಗುತ್ತೆ.

ಅಂಚನ್ನೂ ನೋಡಿ. ಮೂಲೆಯಲ್ಲಿ ಒಂದಿಷ್ಟು ವಾಟರ್ ಪೇಪರ್ ಉಜ್ಜಿದರೆ ಇಡೀ ದಪ್ಪ ಕಪ್ಪಾಗಿ ಕಾಣಬೇಕು. ನಡುವೆ ಬಿಳಿ, ಹಳದಿ, ಹಸಿರು ಗೆರೆ ಇರಬಾರದು. ಅಂಗಡಿಯವರಿಗೆ ಮೊದಲೇ ಮೆಸೇಜ್ ಹಾಕಿ ಅಂಚಿನ ಫೋಟೋ, ತಕ್ಕಡಿ ಮೇಲಿಟ್ಟ ಫೋಟೋ ಕೇಳಿ. ಮೇಲಿಂದ ತೆಗೆದ ಫೋಟೋದಿಂದ ಏನೂ ಗೊತ್ತಾಗಲ್ಲ.

ಕತ್ತರಿಸುವಾಗ ಮಕ್ಕಳು ದೂರ

ಇಲ್ಲಿ ನಾನು ಹುಡುಗನ ಮಾತು ಕೇಳಲಿಲ್ಲ. ಗರಗಸ ಅವನ ಕೈಗೆ ಕೊಡಲಿಲ್ಲ.

ಕಾರ್ಬನ್ ಕತ್ತರಿಸಿದಾಗ ಏಳುವ ಧೂಳು ಚರ್ಮಕ್ಕೆ ಚುಚ್ಚುತ್ತೆ, ತುರಿಸುತ್ತೆ. ಉಸಿರಿನಲ್ಲಿ ಒಳಗೆ ಹೋಗಲೇಬಾರದು. ಎನ್95 ಮಾಸ್ಕ್, ಕನ್ನಡಕ, ಗ್ಲೌಸ್, ತುಂಬು ತೋಳಿನ ಹಳೇ ಶರ್ಟ್ ಬೇಕು. ಮನೆಯೊಳಗೆ ಬೇಡ. ನೀರು ಚಿಮುಕಿಸ್ತಾ ನಿಧಾನಕ್ಕೆ ಕೊಯ್ಯಿರಿ. ಫ್ಯಾನ್, ಬ್ಲೋಯರ್ ಹಚ್ಚಬೇಡಿ. ಕೆಲಸ ಮುಗಿದ ಮೇಲೆ ಗುಡಿಸದೆ, ಒದ್ದೆ ಪೇಪರಿನಲ್ಲಿ ಒರೆಸಿ ಕವರಿನಲ್ಲಿ ಕಟ್ಟಿ ಬಿಸಾಕಿ. ಆ ಶರ್ಟನ್ನು ಮಗುವಿನ ಬಟ್ಟೆ ಜೊತೆ ಒಗೆಯಬೇಡಿ.

ಹಲ್ಲು ಸಣ್ಣಗಿರುವ ಹ್ಯಾಕ್ಸಾ ಬ್ಲೇಡು ಹಾಕಿ, ಗೆರೆಯ ಮೇಲೆ ಟೇಪ್ ಅಂಟಿಸಿದರೆ ಅಂಚು ಕಿತ್ತು ಬರಲ್ಲ. ತೂತು ಹಾಕುವಾಗ ಕೆಳಗೆ ಮರದ ತುಂಡು ಇಡಿ, ಡ್ರಿಲ್ಲನ್ನು ಒತ್ತಬೇಡಿ. ತೂತು ಅಂಚಿನಿಂದ ತನ್ನ ಅಗಲದ ಮೂರು ಪಟ್ಟು ದೂರ ಇರಲಿ. ಎಂ3 ಸ್ಕ್ರೂ ಆದರೆ 9 ಮಿ.ಮೀ. ಹತ್ತಿರ ಹಾಕಿದರೆ ಒಂದೇ ಏಟಿಗೆ ಅಂಚು ಹರಿದು ಬರುತ್ತೆ. ಕೊನೆಗೆ 400 ನಂಬರ್ ವಾಟರ್ ಪೇಪರಿನಲ್ಲಿ ಅಂಚು ದುಂಡಗೆ ಮಾಡಿ, ಫೆವಿಕ್ವಿಕ್ ಥರದ ತೆಳು ಅಂಟನ್ನು ಸುತ್ತಲೂ ಕುಡಿಸಿ. ಪದರ ಬಿಡೋದು ಕಡಿಮೆಯಾಗುತ್ತೆ.

ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನೋರು ಡ್ರಾಯಿಂಗ್ ಮಾಡಿ ಸಿಎನ್‌ಸಿ ಶಾಪಿಗೆ ಕೊಡಬಹುದು. ಪೀಣ್ಯದಲ್ಲಿ ಸಿಎನ್‌ಸಿಗೆ ಬರವಿಲ್ಲ. ಕಾರ್ಬನ್ ಕತ್ತರಿಸ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ, ಧೂಳಿನ ಕಾರಣಕ್ಕೆ ಕೆಲವರು ಒಪ್ಪಲ್ಲ. ಲೇಸರ್ ಕಟಿಂಗ್ ಬೇಡ. ಎಪಾಕ್ಸಿ ಸುಟ್ಟು ಹೊಗೆ ಬರುತ್ತೆ, ಅಂಚು ಕರಕಲಾಗುತ್ತೆ.

ಕರೆಂಟು ಹರಿಯುತ್ತೆ, ಮರೀಬೇಡಿ

ನೋಡೋಕೆ ಪ್ಲಾಸ್ಟಿಕ್ ಥರ ಇದ್ದರೂ ಕಾರ್ಬನ್ ವಿದ್ಯುತ್ ವಾಹಕ. ನನ್ನ ಹಳೇ ಕಾರಿನಲ್ಲಿ ಬ್ಯಾಟರಿಯ ಕೆಂಪು, ಕಪ್ಪು ವೈರುಗಳೆರಡೂ ಚಾಸಿಯ ಚೂಪು ಅಂಚಿಗೆ ಉಜ್ಜಿ ಸಿಪ್ಪೆ ಸುಲಿದಿತ್ತು. ಸುಟ್ಟ ವಾಸನೆ ಬಂತು, ವೈರು ಕಿತ್ತೆ, ಬಚಾವಾದೆ. ಲಿಪೋ ಬ್ಯಾಟರಿ ಶಾರ್ಟ್ ಆದರೆ ಬೆಂಕಿ ಹತ್ತುತ್ತೆ. ಬ್ಯಾಟರಿ ಕೆಳಗೆ ಇನ್ಸುಲೇಷನ್ ಟೇಪ್ ಹಾಕಿ, ವೈರು ಹಾದುಹೋಗುವ ಅಂಚಿಗೆ ರಬ್ಬರ್ ಹಚ್ಚಿ, ಕತ್ತರಿಸಿದ ಧೂಳು ಸ್ಪೀಡ್ ಕಂಟ್ರೋಲರ್ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ.

ಇದೇ ಗುಣದಿಂದ ರೇಡಿಯೋ ಸಿಗ್ನಲ್ಲಿಗೂ ಕಾರ್ಬನ್ ಅಡ್ಡ ಬರುತ್ತೆ. 2.4 ಗಿಗಾಹರ್ಟ್ಸ್ ರಿಸೀವರಿನ ಆಂಟೆನಾದ ತುದಿಯಲ್ಲಿ ಸುಮಾರು 31 ಮಿ.ಮೀ. ಮಾತ್ರ ನಿಜವಾಗಿ ಸಿಗ್ನಲ್ ಹಿಡಿಯೋದು. ಅದನ್ನ ಚಾಸಿಗೆ ಅಂಟಿಸಿ ಮಲಗಿಸಬೇಡಿ, ಪ್ಲಾಸ್ಟಿಕ್ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ. ಇಲ್ಲದಿದ್ದರೆ ಮೂಲೆ ತಿರುಗಿದ ಕಾರು ನಿಮ್ಮ ಮಾತು ಕೇಳದೆ ಜಲ್ಲಿಗೇ ಹೋಗುತ್ತೆ.

ಕೊನೆಗೆ ಏನು ತಗೊಂಡ್ವಿ?

ಆ ಭಾನುವಾರ ಏನೂ ತಗೊಳ್ಳಲಿಲ್ಲ. ಹುಡುಗನ ಮುಖ ಸಪ್ಪಗಾಯಿತು.

ಮೊದಲು ರಟ್ಟಿನಲ್ಲಿ ಚಾಸಿ ಕತ್ತರಿಸಿ ಮೋಟಾರು, ಬ್ಯಾಟರಿ, ಸರ್ವೋ ಇಟ್ಟು ನೋಡಿದೆವು. ಸರ್ವೋ ಮತ್ತು ಚಕ್ರ ಒಂದಕ್ಕೊಂದು ತಾಗ್ತಾ ಇತ್ತು. ಕಾರ್ಬನ್ನಿನಲ್ಲಿ ತೂತು ಹಾಕಿದ ಮೇಲೆ ಗೊತ್ತಾಗಿದ್ದರೆ 2,800 ರೂಪಾಯಿ ಅಲ್ಲೇ ಮುಗೀತಿತ್ತು. ಆಮೇಲೆ 3 ಮಿ.ಮೀ. ಗ್ಲಾಸ್ ಎಪಾಕ್ಸಿಯಲ್ಲಿ ಒಂದು ಮಾಡಿದೆವು. ಸರ್ಕ್ಯೂಟ್ ಬೋರ್ಡ್ ಮಾಡ್ತಾರಲ್ಲ, ಅದೇ ವಸ್ತು, ತಾಮ್ರ ಇರಲ್ಲ ಅಷ್ಟೇ. ಕಾರ್ಬನ್ನಿಗಿಂತ ತುಂಬ ಅಗ್ಗ, ಕರೆಂಟೂ ಹರಿಯಲ್ಲ. ಧೂಳಿನ ಎಚ್ಚರಿಕೆ ಮಾತ್ರ ಅದಕ್ಕೂ ಬೇಕು. ಕಾರು ಈಗ ಅದರ ಮೇಲೆ ಓಡ್ತಾ ಇದೆ. ಮೊದಲ ಕಾರು ಮಾಡೋ ಯಾರಿಗಾದರೂ ನನ್ನ ಸಲಹೆ ಇದೇ: ತಪ್ಪುಗಳನ್ನೆಲ್ಲ ಅಗ್ಗದ ಶೀಟಿನ ಮೇಲೆ ಮಾಡಿ ಮುಗಿಸಿ, ಆಮೇಲೆ ಕಾರ್ಬನ್ನಿಗೆ ಹೋಗಿ.

ಕಾರ್ಬನ್ ಶೀಟು ದಸರಾ ರಜೆಗೆ. ಅದಕ್ಕೆ ಅಂತ ಹುಡುಗ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಕಾಲಂ ಎಳೆದಿದ್ದಾನೆ. ಅಳತೆ, ದಪ್ಪ, ತೂಕ, ತೂಕ ಭಾಗಿಸಿ ಬಂದದ್ದು, ಎಳೆಯ ದಿಕ್ಕು, ಅಂಚಿನ ಬಣ್ಣ, ಕತ್ತರಿಸಿದವರು, ತಾರೀಕು. ಮೇಲೆ ‘ಪಹಣಿ’ ಅಂತ ಬರೆದಿದ್ದಾನೆ.

ಹೊರಡುವಾಗ ಅಪ್ಪ ಆ ಹಾಳೆ ತಗೊಂಡು, ಕನ್ನಡಕ ಏರಿಸಿ, ತಮ್ಮ ಹೊಲದ ಪಹಣಿ ಓದುವಷ್ಟೇ ಗಮನ ಕೊಟ್ಟು ಓದಿದರು. ಆಮೇಲೆ ಮೊಮ್ಮಗನ ಕೈಗೆ ವಾಪಸ್ ಕೊಡುತ್ತಾ ಅಂದರು: “ಮಾಲೀಕನ ಹೆಸರೇ ಬರ್ದಿಲ್ವಲ್ಲೋ. ಮೊದ್ಲು ಅದನ್ನ ಬರಿ.”